ಟಿವಿ ಗೇಮನ್ನು ಕೈಯಲ್ಲಿ ಹಿಡಿದು ಆಡುವಂತೆ ಮಾಡಬಹುದೇ?

ಪ್ರಶ್ನೆ: ಸರ್, ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಹೋಗಿಬರುವ ಡಿಪ್ಲೊಮಾ ವಿದ್ಯಾರ್ಥಿ. ಅಣ್ಣನ ಹಳೇ ಪ್ಲೇಸ್ಟೇಷನ್ 2 ಸ್ಲಿಮ್ ಮನೆಯಲ್ಲಿ ಸುಮ್ಮನೆ ಬಿದ್ದಿದೆ. ಸ್ಕ್ರೀನು, ಬ್ಯಾಟರಿ ಸೇರಿಸಿ ಅದನ್ನು ಕೈಯಲ್ಲೇ ಹಿಡಿದು ಆಡುವಂತೆ ಮಾಡಬೇಕೆಂಬ ಆಸೆ. ಕೇಸ್‌ಗೆ ತ್ರೀಡಿ ಪ್ರಿಂಟ್ ಮಾಡಿಸಲು ದುಡ್ಡು ಕೂಡಿಟ್ಟಿದ್ದೇನೆ. ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಅಣ್ಣನ ಪ್ಲೇಸ್ಟೇಷನ್ನೂ ಅಟ್ಟದ ಮೇಲೇ ಇರಲಿ. 2004ರಲ್ಲಿ ಬಂದ ಮೊದಲ ಸ್ಲಿಮ್‌ನ ಅಡಾಪ್ಟರ್ ಮೇಲೆ 8.5 ವೋಲ್ಟ್, 5.65 ಆಂಪಿಯರ್ ಎಂದು ಬರೆದಿದೆ. ಗುಣಿಸಿದರೆ 48 ವಾಟ್. ಅಷ್ಟನ್ನೂ ಅದು ಸದಾ ಎಳೆಯುವುದಿಲ್ಲ, ನಿಜ. ಆದರೂ ಫ್ಯಾನು, ತಿರುಗುವ ಡಿಸ್ಕು, ಅದರ ಬಿಸಿ, ಮೇಲೆ ರೈಲಿನ ಕುಲುಕಾಟ! ಕೈ ಪಳಗದವರಿಗೆ ಇದು ಬೇಡ.

ಮೊದಲಿಗೆ, ಹಳದಿ ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ 8 ಬಿಟ್ ಟಿವಿ ಗೇಮ್ ಒಂದನ್ನು ಹುಡುಕಿ. ನಾವೆಲ್ಲ ದಸರಾ ವಸ್ತುಪ್ರದರ್ಶನದಲ್ಲಿ ಹಟ ಹಿಡಿದು ಕೊಡಿಸಿಕೊಂಡ ಸೆಟ್ ಅದೇ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಎಷ್ಟೋ ಸೆಟ್‌ಗಳಲ್ಲಿ ಇಡೀ ಮೆದುಳು ಬೋರ್ಡಿನ ಮೇಲಿನ ಒಂದು ಕಪ್ಪು ಬೊಟ್ಟಿನೊಳಗೆ ಇರುತ್ತದೆ. ನಡೆಯುವುದು 5 ವೋಲ್ಟ್‌ನಲ್ಲಿ. ಸುಟ್ಟರೂ ಅಳು ಬರುವುದಿಲ್ಲ.

ಸೆಟ್ ಸಿಕ್ಕ ತಕ್ಷಣ ಕೇಸ್ ಕತ್ತರಿಸಲು ಹೋಗಬೇಡಿ. ಬೋರ್ಡು, ಸ್ಕ್ರೀನು, ಬ್ಯಾಟರಿ ಮೂರನ್ನೂ ಮೇಜಿನ ಮೇಲೆ ಹರಡಿಕೊಂಡೇ ಗೇಮ್ ಓಡಬೇಕು. ಅದು ಅರ್ಧ ಗಂಟೆ ತಡೆಯಿಲ್ಲದೆ ಓಡುವವರೆಗೆ ಡಬ್ಬದ ಮಾತೇ ಬೇಡ.

ಬೋರ್ಡಿನಲ್ಲಿ 7805 ಎಂದು ಬರೆದ ಮೂರು ಕಾಲಿನ ರೆಗ್ಯುಲೇಟರ್ ಇರುತ್ತದೆ. 9 ವೋಲ್ಟ್ ಕೊಟ್ಟರೆ 5 ಇಟ್ಟುಕೊಂಡು ಉಳಿದ ನಾಲ್ಕನ್ನು ಬರೀ ಬಿಸಿ ಮಾಡಿ ಕಳೆಯುತ್ತದೆ. ಗೋಡೆಯ ಕರೆಂಟಿಗೆ ಪರವಾಗಿಲ್ಲ, ಬ್ಯಾಟರಿಗೆ ಇದು ದಂಡ. ಅದನ್ನು ಕಿತ್ತು, ಹೊರಗಿನಿಂದ ತಯಾರಿಸಿದ 5 ವೋಲ್ಟನ್ನು ನೇರ ಅದರ ಔಟ್‌ಪುಟ್ ತೂತಿಗೆ ಕೊಡಿ. ಅಕ್ಷರ ನಿಮ್ಮ ಕಡೆಗಿದ್ದರೆ ಎಡಗಾಲು ಇನ್‌ಪುಟ್, ನಡುವಿನದು ಗ್ರೌಂಡ್ (ಅಂದರೆ ಮೈನಸ್), ಬಲಗಾಲು ಔಟ್‌ಪುಟ್.

ನಾನು ಎಡವಿದ್ದೂ ಇಲ್ಲೇ. ಫ್ಯಾಮಿಕಾಮ್ ಅಡಾಪ್ಟರಿನ ಪಿನ್ನಿನಲ್ಲಿ ನಡುವಿನದು ಮೈನಸ್, ಸುತ್ತಲಿನದು ಪ್ಲಸ್. ನನ್ನ ಸೆಟ್ಟೂ ಹಾಗೇ ಇತ್ತು. ನಾನು ಮೀಟರ್ ಹಿಡಿಯದೆ, ನಡುವಿನದು ಪ್ಲಸ್ ತಾನೇ ಎಂದು ಸೆಲ್ ತಿರುವುಮುರುವು ಜೋಡಿಸಿದೆ. ಬೊಟ್ಟಿನ ಮೇಲೆ ಬೆರಳಿಟ್ಟಾಗ ಬಿಸಿ ದೋಸೆಕಲ್ಲು ಮುಟ್ಟಿದ ಹಾಗಾಯಿತು. ಅಲ್ಲಿಗೆ ಕಥೆ ಮುಗಿಯಿತು. ಮಲ್ಟಿಮೀಟರ್ ಇಲ್ಲದಿದ್ದರೆ ಕೂಡಿಟ್ಟ ದುಡ್ಡಿನಲ್ಲಿ ಮೊದಲು ಅದನ್ನು ಕೊಳ್ಳಿ.

ಬ್ಯಾಟರಿಗೆ 18650 ಎಂಬ ಅಳತೆಯ ಒಂದು ಲಿಥಿಯಂ ಸೆಲ್ ಸಾಕು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಒಳಗೆ ಕೆಡುತ್ತದೆ. ಹೋಲ್ಡರ್ ಹಾಕಿ. ಚಾರ್ಜಿಗೆ ಟಿಪಿ4056 ಬೋರ್ಡು, ರಕ್ಷಣೆಯ ಸರ್ಕಿಟ್ ಇರುವಂಥದ್ದು. ಅದರಲ್ಲಿ ಬಿ ಎಂಬ ಜೋಡಿ ಸೆಲ್ಲಿಗೆ, ಔಟ್ ಎಂಬ ಜೋಡಿ ಗೇಮಿಗೆ. ಹೊಸಬರು ಎರಡನ್ನೂ ಬಿ ಕಡೆಗೇ ಕಟ್ಟುತ್ತಾರೆ, ಗೇಮೂ ಓಡುತ್ತದೆ, ಆದರೆ ರಕ್ಷಣೆ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ. ಔಟ್‌ನಿಂದ 5 ವೋಲ್ಟಿಗೆ ಏರಿಸುವ ಬೂಸ್ಟ್ ಬೋರ್ಡಿಗೆ ಹೋಗಿ. ಅದರ ಸ್ಕ್ರೂ ತಿರುಗಿಸಿ ಮೀಟರಿನಲ್ಲಿ 5 ಕಂಡ ಮೇಲಷ್ಟೇ ಗೇಮ್ ಜೋಡಿಸಿ. ಚಾರ್ಜಿಗೆ ಹಾಕಿಕೊಂಡು ಆಡುವುದು ಈ ಜೋಡಣೆಯಲ್ಲಿ ಬೇಡ.

ಎಷ್ಟು ಹೊತ್ತು ಬರುತ್ತದೆ? 2600 ಎಂಎಎಚ್ ಸೆಲ್ ಎಂದರೆ 3.7 ಗುಣಿಸು 2.6, ಸುಮಾರು 9.6 ವಾಟ್-ಅವರ್. ಬೂಸ್ಟ್‌ನಲ್ಲಿ ಸೋರಿಹೋಗುವುದನ್ನು ಕಳೆದರೆ 8 ಎನ್ನಿ. ಗೇಮು, ಸ್ಕ್ರೀನು ಸೇರಿ 3.5 ವಾಟ್ ಎಳೆದರೆ ಎರಡು ಗಂಟೆಗೆ ಮೋಸವಿಲ್ಲ. ಮಂಡ್ಯ–ಮೈಸೂರು ಹೋಗಿಬರಲು ಅಷ್ಟು ಸಾಲದೇ?

ಸ್ಕ್ರೀನಿಗೆ ಕಾರಿನ ರಿವರ್ಸ್ ಕ್ಯಾಮೆರಾದ 4.3 ಇಂಚಿನ ಮಾನಿಟರ್ ಒಳ್ಳೆಯದು. ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಟಿವಿಗೆ ಹೋಗುತ್ತಿದ್ದ ಹಳದಿ ವೈರು ಇದಕ್ಕೂ ಕೂರುತ್ತದೆ. ಮೇಲೆ 12 ವೋಲ್ಟ್ ಎಂದಿದ್ದರೂ ಕೆಲವು ಒಳಗೆ ಅದನ್ನು 5ಕ್ಕೋ 3.3ಕ್ಕೋ ಇಳಿಸಿಕೊಂಡೇ ಓಡುತ್ತವೆ. ಮೊದಲು 12 ವೋಲ್ಟಿನಲ್ಲೇ ಓಡಿಸಿ, ಒಳಗೆ ಎಷ್ಟಿದೆ ಎಂದು ಅಳೆಯಿರಿ. 5 ಇದ್ದರೆ ನೇರ ಅಲ್ಲಿಗೇ ಕೊಡಬಹುದು. ಬೇರೆ ಏನಾದರೂ ಇದ್ದರೆ ಸ್ಕ್ರೀನಿಗೆ ಮಾತ್ರ ಇನ್ನೊಂದು ಬೂಸ್ಟ್ ಹಾಕಿ 12 ಕೊಡಿ.

ಕ್ಯಾಸೆಟ್ ಸ್ಲಾಟಿಗೆ 60 ಪಿನ್. ಡಬ್ಬ ತೆಳ್ಳಗಾಗಲಿ ಎಂದು ಸ್ಲಾಟ್ ಕಿತ್ತು ವೈರು ಎಳೆಯುವ ಸಾಹಸ ಈ ಸಲ ಬೇಡ. ಜಾಯ್‌ಸ್ಟಿಕ್ಕಿನ ಬೋರ್ಡನ್ನೂ ಕತ್ತರಿಸದೆ ಹಾಗೇ ಕೂರಿಸಿ. ಅದಕ್ಕೆ ಐದೇ ವೈರು. ಎಲ್ಲ ಮುಗಿದ ಮೇಲೆ ರಟ್ಟಿನಲ್ಲಿ ಒಂದು ಡಬ್ಬ ಕತ್ತರಿಸಿ, ಹೆಬ್ಬೆರಳು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ತ್ರೀಡಿ ಪ್ರಿಂಟಿನವರ ಹತ್ತಿರ ಹೋಗುವುದು ಆಮೇಲೆ.

ಪ್ರಶ್ನೆ: ಮಗ ದಪ್ಪ ಮಾದರಿಯ ಪ್ಲೇಸ್ಟೇಷನ್ 2 ಬಿಚ್ಚಿ ಹರಡಿಕೊಂಡು ಕೂತಿದ್ದಾನೆ. ಶಾಕ್ ಹೊಡೆಯುವ ಭಯ ಇದೆಯೇ? – ಕುವೆಂಪುನಗರದ ತಾಯಿ, ಮೈಸೂರು

ಉತ್ತರ: ಇದೆಯಮ್ಮ. ಆ ಮಾದರಿಯಲ್ಲಿ 230 ವೋಲ್ಟ್ ನೇರ ಒಳಗೇ ಬರುತ್ತದೆ. ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಗೊತ್ತಿರುವವರು ಪಕ್ಕದಲ್ಲಿ ಇಲ್ಲದಿದ್ದರೆ ಆ ಬೋರ್ಡು ಮುಟ್ಟುವುದು ಬೇಡ ಅನ್ನಿ. ಇನ್ನೊಂದು: ಅವನ ಹತ್ತಿರ ಉಬ್ಬಿದ ಮೊಬೈಲ್ ಬ್ಯಾಟರಿ ಏನಾದರೂ ಇದ್ದರೆ ಇವತ್ತೇ ಈಸಿಕೊಳ್ಳಿ. ಚುಚ್ಚಬೇಡಿ, ಕಸದ ಗಾಡಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಅಲ್ಲಿಯವರೆಗೆ ಬಟ್ಟೆ, ಪೇಪರಿನಿಂದ ದೂರ, ಮರಳು ತುಂಬಿದ ಡಬ್ಬದಲ್ಲಿ ಮನೆಯ ಹೊರಗಿಡಿ.