ಹಳೆ ಅಂಬಾಸಿಡರ್‌ಗೆ ಬ್ರೇಕ್ ಸಾಮಾನು: ಇಸವಿ ಹೇಳಿ ತರಬೇಡಿ, ಅಳೆದು ತನ್ನಿ

ಯಾದಗಿರಿ ಅಣ್ಣಾ, ನಿಮ್ಮದು 1972ರ ಅಂಬಾಸಿಡರ್ ಮಾರ್ಕ್ 2, ಹಿಂದಿನ ಎರಡೂ ವ್ಹೀಲ್ ಸಿಲಿಂಡರ್ (ಗಾಲಿಯೊಳಗೆ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಸಿಲಿಂಡರ್) ಸೋರುತ್ತಿವೆ, ಅಂಗಡಿಯವರು ಮಾರ್ಕ್ 4ದ್ದೂ ನೋವಾದ್ದೂ ಎಲ್ಲಾ ಒಂದೇ ರೀ, ಕೂರುತ್ತದೆ ಅಂದರು, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಕೂರಬಹುದು. ಆದರೆ ಕೂತ ಮಾತ್ರಕ್ಕೆ ಸರಿಯಾದ ಸಾಮಾನು ಅಂತಲ್ಲ. ಬ್ರೇಕ್ ವಿಷಯದಲ್ಲಿ ಅದೇ ಅಪಾಯ.

ನಿಮ್ಮ ಮಾರ್ಕ್ 2 ಆದಮೇಲೆ 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4, 1990ರಲ್ಲಿ ನೋವಾ ಬಂತು. ಹೆಸರು ಬದಲಾದಾಗ ನಮಗೆ ಕಂಡದ್ದು ಮುಂದಿನ ಜಾಲಿ, ದೀಪ, ಡ್ಯಾಶ್‌ಬೋರ್ಡ್. ಒಳಗಿನ ಬ್ರೇಕ್ ಸಾಮಾನು ಅದೇ ದಿನ ಬದಲಾಗಬೇಕು ಅಂತೇನಿಲ್ಲ, ಹಾಗೇ ಉಳಿಯಬೇಕು ಅಂತಲೂ ಇಲ್ಲ. ಆರ್‌ಸಿಯಲ್ಲಿರೋದು ನೋಂದಣಿ ದಿನ, ಗಾಡಿ ತಯಾರಾದದ್ದು ಅದಕ್ಕೂ ಮುಂಚೆ ಇರಬಹುದು. ಅದೂ ಅಲ್ಲದೆ ನಮ್ಮ ಕಡೆ ಎಷ್ಟೋ ಅಂಬಾಸಿಡರ್ ಟ್ಯಾಕ್ಸಿಯಾಗಿ ಓಡಿದವು. ಯಾವಾಗಲೋ ಯಾರೋ ಹಿಂದಿನ ಆಕ್ಸಲ್ಲನ್ನೇ ಬೇರೆ ಗಾಡಿಯಿಂದ ತಂದು ಹಾಕಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಬಿಚ್ಚಿದ ಸಿಲಿಂಡರನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಳೆಯೋಕೆ ವರ್ನಿಯರ್ ಜೇಬಿನಲ್ಲಿರಲಿ.

ಮೊದಲು ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಅಳೆಯಿರಿ. ಎಷ್ಟೋ ಸಿಲಿಂಡರ್‌ಗಳ ಮೈಮೇಲೆ ಅಳತೆ ಎರಕದಲ್ಲೇ ಇರುತ್ತದೆ, ವೈರ್ ಬ್ರಷ್ ಹಾಕಿ ಉಜ್ಜಿದರೆ ಕಾಣುತ್ತದೆ. ಮುಕ್ಕಾಲು ಇಂಚು ಅಂದರೆ 19.05 ಮಿಮೀ, 7/8 ಇಂಚು ಅಂದರೆ 22.2 ಮಿಮೀ. ಮೂರು ಮಿಮೀ ತಾನೇ ಅನ್ನಬೇಡಿ. ಒತ್ತಡ ಬೀಳೋದು ಬೋರಿನ ವಿಸ್ತೀರ್ಣದ ಮೇಲೆ, ಮುಕ್ಕಾಲರ ಜಾಗಕ್ಕೆ 7/8 ಹಾಕಿದರೆ ಶೂ ಮೇಲಿನ ಬಲ ಸುಮಾರು 36 ಪರ್ಸೆಂಟ್ ಜಾಸ್ತಿ ಆಗುತ್ತದೆ, ಪೆಡಲ್ ಕೂಡ ಇನ್ನಷ್ಟು ಕೆಳಗೆ ಹೋಗುತ್ತದೆ. ಹಿಂದೆ ಬಲ ಜಾಸ್ತಿಯಾದರೆ ಮೊದಲು ಹಿಂದಿನ ಗಾಲಿ ಲಾಕ್ ಆಗುತ್ತವೆ, ಮಳೆಯಲ್ಲಿ ಗಾಡಿ ಅಡ್ಡ ತಿರುಗುತ್ತದೆ. ಎಡಕ್ಕೊಂದು ಬೋರ್, ಬಲಕ್ಕೊಂದು ಬೋರ್ ಆದರಂತೂ ಪ್ರತಿ ಸಲ ಒಂದೇ ಕಡೆ ಎಳೆಯುತ್ತದೆ. ಒಂದೇ ಸೋರುತ್ತಿದ್ದರೂ ಎರಡನ್ನೂ ಬದಲಿಸಿ ಅನ್ನೋದು ಇದಕ್ಕೇ.

ಈಗ ಥ್ರೆಡ್, ಅಂದರೆ ನಟ್ಟಿನ ತಿರುಪು ಗೆರೆ. ಇದನ್ನು ದಯವಿಟ್ಟು ಎರಡು ಸಲ ಓದಿ. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು, ಇಂಚಿನ ಗಾಡಿ. ಫಿಯಟ್, ಪದ್ಮಿನಿ ಮಿಲಿಮೀಟರ್ ಗಾಡಿಗಳು. ಬ್ರೇಕ್ ಪೈಪಿನ ನಟ್ಟಿನಲ್ಲಿ ಇಂಚಿನದು ಸಣ್ಣ ಥ್ರೆಡ್ಡಿನ 3/8 ಯುಎನ್‌ಎಫ್, ಅಂದರೆ 9.5 ಮಿಮೀ ಚಿಲ್ಲರೆ, ಇಂಚಿಗೆ 24 ಥ್ರೆಡ್. ಮಿಲಿಮೀಟರಿನದು ಎಂ10, ಅಂದರೆ 10 ಮಿಮೀ, ಪಿಚ್ (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ದೂರ) 1 ಮಿಮೀ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಎಂ10 ನಟ್ 3/8ರ ತೂತಿಗೆ ಹೋಗೋದೇ ಇಲ್ಲ, ಅದು ಒಳ್ಳೇದೇ. ಆದರೆ 3/8 ನಟ್ ಎಂ10 ತೂತಿನಲ್ಲಿ ಸಡಿಲವಾಗಿ ಹೋಗಿ, ಸ್ಪ್ಯಾನರ್‌ಗೆ ಟೈಟ್ ಆದ ಹಾಗೂ ಅನಿಸಬಹುದು. ಮನೆ ಮುಂದೆ ಪೆಡಲ್ ಒತ್ತಿದಾಗ ನಿಲ್ಲುತ್ತದೆ, ಜೋರಾಗಿ ಬ್ರೇಕ್ ಹೊಡೆದ ದಿನ ಕಿತ್ತು ಬರುತ್ತದೆ. ನಿಮ್ಮ ಹಳೇ ಗಾಡಿಯಲ್ಲಿ ಟ್ಯಾಂಡಮ್ (ಎರಡು ಬೇರೆ ಬೇರೆ ಲೈನಿನ) ಅಲ್ಲದ ಒಂಟಿ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತುವ ಮುಖ್ಯ ಸಿಲಿಂಡರ್, ಇದ್ದರೆ ಒಂದು ಕಡೆ ಪೈಪ್ ಕಿತ್ತರೂ ನಾಲ್ಕೂ ಗಾಲಿಯ ಬ್ರೇಕ್ ಹೋಯಿತು. ಹೊಸ ಸಿಲಿಂಡರಿಗೆ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ ನೋಡಿ. ಪೂರ್ತಿ ಹೋಗಬೇಕು, ಅಲುಗಾಡಬಾರದು. ಥ್ರೆಡ್ ಗೇಜ್ ಇದ್ದರೆ ಅನುಮಾನವೇ ಇರಲ್ಲ. ಪೈಪಿನ ತುದಿಯ ಫ್ಲೇರ್ (ಅಗಲ ಮಾಡಿದ ಬಾಯಿ) ಕೂಡ ಹಳೇದರ ಹಾಗೇ ಇರಬೇಕು.

ಶೂ ತರುವಾಗ ಅಗಲ ನೋಡಿ, ಡ್ರಮ್ಮಿನ ಒಳಗಿನ ಅಳತೆಯನ್ನೂ ತಗೊಳ್ಳಿ. ನಿಮ್ಮ ಡ್ರಮ್ ಯಾವಾಗಲೋ ಲೇಥ್ ಹತ್ತಿ ಒಳಗೆ ಅಗಲವಾಗಿದ್ದರೆ ಹೊಸ ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ನಡುವೆ ಮಾತ್ರ ತಾಗುತ್ತದೆ. ಡ್ರಮ್ ಒಳಗೆ ಸೀಮೆಸುಣ್ಣ ಬಳಿದು ಶೂ ಉಜ್ಜಿ ನೋಡಿ, ಗೊತ್ತಾಗುತ್ತದೆ. ಹಳೇ ಲೈನಿಂಗ್ ಧೂಳಿನಲ್ಲಿ ಕಲ್ನಾರು ಇರಬಹುದು, ಗಾಳಿ ಹೊಡೆದು ಎಬ್ಬಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಮುಂದಿನ ಗಾಲಿಗಳಿಗೆ ಕೊನೆಯ ವರ್ಷಗಳ ಅಂಬಾಸಿಡರ್‌ನ ಡಿಸ್ಕ್ ಬ್ರೇಕ್ ಹಾಕ್ತೀನಿ ಅಂದಿದ್ದೀರಲ್ಲ, ಅದು ಬರೀ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಹಿಡಿ) ಕೆಲಸ ಅಲ್ಲ. ಡ್ರಮ್ಮಿನ ಮಾಸ್ಟರ್‌ನಲ್ಲಿ ಲೈನಿನೊಳಗೆ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ, ಡಿಸ್ಕಿಗೆ ಅದೇ ಇದ್ದರೆ ಪ್ಯಾಡ್ ಬಿಡೋದೇ ಇಲ್ಲ, ಕಾಯುತ್ತಲೇ ಇರುತ್ತದೆ. ಮಾಸ್ಟರ್, ಬೂಸ್ಟರ್ (ಪೆಡಲ್ ಬಲ ಹೆಚ್ಚಿಸೋದು), ಹಬ್ ಎಲ್ಲಾ ಒಂದೇ ಗಾಡಿಯದ್ದು ಸಿಗೋವರೆಗೂ ಕೈ ಹಾಕಬೇಡಿ.

ಸಿಲಿಂಡರ್ ಒಳಗಿನ ರಬ್ಬರ್ ಸೀಲ್ (ಕಪ್) ಗಳನ್ನು ಪೆಟ್ರೋಲ್, ಸೀಮೆ ಎಣ್ಣೆಯಲ್ಲಿ ತೊಳೆಯಲು ಬಿಡಬೇಡಿ, ಉಬ್ಬಿ ಹಾಳಾಗುತ್ತವೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಬ್ರೇಕ್ ಆಯಿಲ್ ಡಾಟ್ 3 ಅಥವಾ 4 ದರ್ಜೆಯದ್ದು ಹಾಕಿ. ಡಾಟ್ 5 ಸಿಲಿಕೋನ್, ಇವುಗಳ ಜೊತೆ ಸೇರಿಸಬಾರದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸದು ಹುಡುಕೋದಕ್ಕೂ ಮುಂಚೆ ಹಳೇ ಸಿಲಿಂಡರಿನ ಮೈ ಗಟ್ಟಿ ಇದೆಯಾ ನೋಡುತ್ತೇನೆ. ಬಿರುಕಿಲ್ಲದೆ ಒಳಗೆ ಗುಂಡಿ ಮಾತ್ರ ಬಿದ್ದಿದ್ದರೆ ಒಳ್ಳೆ ಲೇಥ್‌ನವರ ಹತ್ತಿರ ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಲೀವ್ ಹಾಕಿಸಿ, ಮೊದಲಿನ ಬೋರಿಗೇ ತರಿಸಿಕೊಳ್ಳಬಹುದು. ಆಗ ಥ್ರೆಡ್, ಫಿಟಿಂಗ್ ಎಲ್ಲಾ ನಿಮ್ಮದೇ. ಕಲಬುರಗಿಯಲ್ಲಿ ಆಗದಿದ್ದರೆ ಹೈದರಾಬಾದಿಗೆ ಒಯ್ಯಿರಿ. ಮೊದಲು ಎರಡೂ ಸಿಲಿಂಡರ್ ಬಿಚ್ಚಿ, ಮೈಮೇಲಿನ ಅಕ್ಷರ ಕಾಣುವ ಹಾಗೆ ಫೋಟೋ ತೆಗೆದು ಬೋರ್ ಅಳತೆ ಜೊತೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ. ಅಲ್ಲಿವರೆಗೆ ಗಾಡಿ ರೋಡಿಗೆ ಇಳಿಸಬೇಡಿ.