ಸೈಡ್‌ಕಾರ್ ಎಡಕ್ಕೇ ಎಳೆಯುತ್ತದೆ, ಯಾಕೆ?

ಪ್ರಶ್ನೆ: ಎಡಬದಿಗೆ ಸೈಡ್‌ಕಾರ್ (ಒಂದು ಚಕ್ರದ ಪಕ್ಕದ ಗಾಡಿ) ಜೋಡಿಸಿದ ಹಳೇ ಬುಲೆಟ್‌ನಲ್ಲಿ ಶಿಡ್ಲಘಟ್ಟ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುತ್ತೇವೆ. ಗಾಡಿ ಸದಾ ಎಡಕ್ಕೆ ಎಳೆಯುತ್ತದೆ, ಹಿಂದಿನ ಟೈರೂ ಬೇಗ ಸವೆಯುತ್ತಿದೆ. ಏನು ಮಾಡಬೇಕು?
– ಓದುಗರು, ಚಿಂತಾಮಣಿ

ಉತ್ತರ: ಆಕ್ಸಿಲರೇಟರ್ ಕೊಟ್ಟಾಗ ಎಡಕ್ಕೆ, ಬ್ರೇಕ್ ಹಿಡಿದಾಗ ಬಲಕ್ಕೆ ಎಳೆಯುವುದು ಸೈಡ್‌ಕಾರಿನ ಹುಟ್ಟುಗುಣ. ಒಂದೇ ವೇಗದಲ್ಲಿ ಹೋಗುವಾಗಲೂ ಎಳೆದರೆ ಜೋಡಣೆ ತಪ್ಪಿದೆ ಅಂತಲೇ ಲೆಕ್ಕ.

ಮೂರೂ ಟೈರಿನ ಗಾಳಿ ಸರಿಮಾಡಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಒಬ್ಬರನ್ನು ಕೂರಿಸಿ. ಬೈಕಿನ ಎರಡೂ ಚಕ್ರಕ್ಕೆ ತಾಗುವಂತೆ ಒಂದು ನೇರ ಪೈಪು, ಸೈಡ್‌ಕಾರ್ ಚಕ್ರಕ್ಕೆ ಇನ್ನೊಂದು ಇಡಿ. ಇವೆರಡರ ನಡುವಿನ ಅಂತರ ಹಿಂಚಕ್ರದ ಹಿಂದಿಗಿಂತ ಮುಂಚಕ್ರದ ಮುಂದೆ 12ರಿಂದ 20 ಮಿ.ಮೀ. ಕಡಿಮೆ ಇರಬೇಕು. ಅದಕ್ಕಿಂತ ಹೆಚ್ಚಾದರೆ ಟೈರು ರಸ್ತೆಗೆ ಉಜ್ಜಿಕೊಂಡೇ ಓಡುತ್ತದೆ. ಅಂಗೈ ಆಡಿಸಿ ನೋಡಿ, ಟೈರಿನ ಗುಬ್ಬುಗಳ ಒಂದಂಚು ಗರಗಸದ ಹಾಗೆ ಚುಚ್ಚುತ್ತದೆ.

ಆಮೇಲೆ ವಾಲಿಕೆ. ಗಾರೆ ಕೆಲಸದವರ ತೂಕದ ಗುಂಡು ಇಳಿಬಿಡಿ. ಬೈಕು 60 ಸೆಂ.ಮೀ. ಎತ್ತರಕ್ಕೆ 10–20 ಮಿ.ಮೀ. ಬಲಕ್ಕೆ ವಾಲಿರಲಿ, ಇಲ್ಲದಿದ್ದರೆ ಬೈಕಿಗೂ ಸೈಡ್‌ಕಾರಿಗೂ ನಡುವಿನ ಮೇಲಿನ ಕಂಬಿಗಳನ್ನು ಸ್ವಲ್ಪ ಉದ್ದ ಮಾಡಿ. ಎಡದ ಎಳೆತ ಬಹುಪಾಲು ಇಲ್ಲೇ ತೀರುತ್ತದೆ.

ಕಂಬಿಗಳನ್ನು ಬೈಕಿಗೆ ಹಿಡಿದಿಡುವ ಕ್ಲಾಂಪಿನ ಒಳಗೆ ಪೇಂಟ್ ಬೇಡವೇ ಬೇಡ. ಅದು ಪುಡಿಯಾಗಿ ಕ್ಲಾಂಪ್ ಜಾರುತ್ತದೆ, ಅಳತೆಯೆಲ್ಲ ವ್ಯರ್ಥ. 100 ಕಿ.ಮೀ. ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ.