ಒಂದೇ ಊರು, ಒಂದೇ ಸೂಪರ್‌ಮಾರ್ಕೆಟ್: ಒಂದು ಬ್ರಾಂಚ್‌ನಲ್ಲಿ ಸೊಪ್ಪು ತಾಜಾ, ಇನ್ನೊಂದರಲ್ಲಿ ಬಾಡಿರುತ್ತದೆ. ಯಾಕೆ?

ಮುಖ್ಯ ಕಾರಣ ವ್ಯಾಪಾರದ ವೇಗ. ಬೆಂಗಳೂರಿನಂಥ ಊರಲ್ಲಿ ದೊಡ್ಡ ಚೈನ್‌ಗಳ ತರಕಾರಿ ಸಾಮಾನ್ಯವಾಗಿ ಒಂದೇ ಗೋದಾಮಿನಿಂದ ಹಲವು ಬ್ರಾಂಚ್‌ಗಳಿಗೆ ಹೋಗುತ್ತದೆ. ಬೆಳಿಗ್ಗೆ ಗಾಡಿಯಿಂದ ಇಳಿಯುವಾಗ ಎರಡೂ ಕಡೆ ಕೊತ್ತಂಬರಿ ಒಂದೇ ಥರ ಇರುತ್ತದೆ. ಜನ ಜಾಸ್ತಿ ಬರುವ ಕಡೆ ಅದು ಸಂಜೆಯೊಳಗೆ ಖಾಲಿ. ಮರುದಿನ ಹೊಸ ಕಟ್ಟು ಬರುತ್ತದೆ. ಗಿರಾಕಿ ಕಡಿಮೆ ಇರುವ ಕಡೆ ಉಳಿದ ಕಟ್ಟಿಗೇ ನೀರು ಚಿಮುಕಿಸಿ ಮತ್ತೆ ಇಡುತ್ತಾರೆ. ಎಲೆ ಹಳದಿಯಾಗುತ್ತದೆ, ದಾರ ಕಟ್ಟಿದ ಜಾಗದಲ್ಲಿ ದಂಟು ಕೊಳೆತು ಲೋಳೆಯಾಗುತ್ತದೆ. ಮಾಲು ಉಳಿದಷ್ಟೂ ಮ್ಯಾನೇಜರ್ ಕಡಿಮೆ ತರಿಸುತ್ತಾರೆ. ಆಯ್ಕೆ ಕಡಿಮೆಯಾದರೆ ಜನ ಇನ್ನೂ ಕಡಿಮೆ ಬರುತ್ತಾರೆ ಅಲ್ವಾ? ಹಾಗೆ ಆ ಬ್ರಾಂಚ್ ಇನ್ನಷ್ಟು ಸೊರಗುತ್ತದೆ.

ಪ್ಯಾಕೆಟ್ ಸಾಮಾನಿನ ಬೆಲೆಯೂ ಬೇರೆ ಇರಬಹುದು. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ ಮಾತ್ರ, ಅದಕ್ಕಿಂತ ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಪಕ್ಕದಲ್ಲೇ ಪೈಪೋಟಿ ಅಂಗಡಿ ಇದ್ದರೆ ರಿಯಾಯಿತಿ ಜಾಸ್ತಿ ಸಿಗಬಹುದು.

ಯಾವ ಬ್ರಾಂಚ್‌ನಲ್ಲಿ ಮಾಲು ತಾಜಾ ಅಂತ ಹೋಲಿಸಬೇಕಾದರೆ ಬಿಸ್ಕತ್ತು, ಸೋಪು ನೋಡಿ ಪ್ರಯೋಜನವಿಲ್ಲ. ಸೊಪ್ಪು ನೋಡಿ, ಬ್ರೆಡ್ ಮೇಲಿನ ತಾರೀಕು ನೋಡಿ. ಸಂಜೆಗಿಂತ ಬೆಳಿಗ್ಗೆ, ಹೊಸ ಮಾಲು ಜೋಡಿಸುವ ಮುಂಚೆ ಹೋದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.